ಮಧ್ಯಮವರ್ಗದ ಮೋಟಾರುಗಾಡಿ: ಬೆಲೆ ಮತ್ತು ಯೋಗ್ಯತೆಗಳ ನಿರ್ಣಯದ ಇತಿಹಾಸ

೧. ವಿಷಯಪ್ರವೇಶ

ಮೋಟಾರುಗಾಡಿಯೊಂದರ ಗುಣದೋಷಗಳನ್ನು ಅಳೆಯುವುದು ಕೊಳ್ಳುವವನ ಕೆಲಸ, ಹೆಚ್ಚೆಂದರೆ ಯಂತ್ರಶಾಸ್ತ್ರಜ್ಞನ ಕೆಲಸ. ಇತಿಹಾಸದ ವಿದ್ಯಾರ್ಥಿಗೆ ಅಲ್ಲಿ ಮಾಡುವುದೇನಿದೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಯಾವ ವಸ್ತುವನ್ನೇ ಆಗಲಿ ‘ಕೈಗೆಟುಕುವ ಬೆಲೆಯದು’, ‘ಕುಟುಂಬಕ್ಕೆ ತಕ್ಕದ್ದು’ ಎಂದು ಕರೆಯುವಾಗ ಹೇಳುವವನ ಕೈಯಲ್ಲಿ ಒಂದು ಅಳತೆಗೋಲು ಇರುತ್ತದೆ. ಆ ಅಳತೆಗೋಲು ಕಾಲದಿಂದ ಕಾಲಕ್ಕೆ ಬದಲಾಗಿದೆ. ಅದನ್ನು ಹಿಡಿದ ಕೈಯೂ ಬದಲಾಗಿದೆ. ಅಳತೆಗೋಲುಗಳ ಈ ಬದಲಾವಣೆ ಇತಿಹಾಸದ ವಿಷಯವೇ ಸರಿ.

ಪ್ರಸ್ತುತ ಪ್ರಬಂಧದಲ್ಲಿ ನಾವು ವಿಚಾರಿಸಹೊರಟಿರುವುದು ಮಧ್ಯಮ ಗಾತ್ರದ, ಮಿತವಾದ ಬೆಲೆಯ, ಕುಟುಂಬಬಳಕೆಯ ಸೆಡಾನ್ ಕಾರನ್ನು. ಎಂಜಿನಿಗೊಂದು, ಜನರಿಗೊಂದು, ಸಾಮಾನಿಗೊಂದು ಎಂದು ಮೂರು ಭಾಗಗಳುಳ್ಳ ಮುಚ್ಚುಗಾಡಿಗೆ ಸೆಡಾನ್ ಎಂದು ಹೆಸರು. ಹಿಂದಿನ ಭಾಗವನ್ನು ನಮ್ಮ ಜನ ಡಿಕ್ಕಿ ಎನ್ನುತ್ತಾರೆ. ಈ ಗಾಡಿಯನ್ನು ಭಾರತದಲ್ಲಿ, ವಿಶೇಷವಾಗಿ ಕನ್ನಡನಾಡಿನಲ್ಲಿ, ಯಾರು ಯಾರು ಯಾವ ಯಾವ ಮಾನದಂಡದಿಂದ ಅಳೆದರು, ಆ ಅಳತೆಯಲ್ಲಿ ಕೊಳ್ಳುವ ಸಂಸಾರದ ಅಗತ್ಯಕ್ಕೆ ಎಷ್ಟು ಸ್ಥಾನ ದೊರೆಯಿತು ಎಂಬುದು ನಮ್ಮ ಪ್ರಶ್ನೆ.

ವಿಚಾರಕ್ಕೆ ನಿಲ್ಲಲು ಒಂದು ನೆಲೆ ಬೇಕು. ರಾಜಧಾನಿಯಿಂದ ನೋಡಿದರೆ ಕಾಣುವ ಕಾರು ಬೇರೆ, ಹಳ್ಳಿಯಿಂದ ನೋಡಿದರೆ ಕಾಣುವ ಕಾರು ಬೇರೆ. ಆದಕಾರಣ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾನದಿಯ ದಡದಲ್ಲಿರುವ ಸೊನ್ನ ಗ್ರಾಮವನ್ನು ನಾವು ನಮ್ಮ ನೆಲೆಯಾಗಿ ಆರಿಸಿಕೊಂಡಿದ್ದೇವೆ. ನದಿಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜಿನಿಂದ ಈ ಊರಿನ ಹೆಸರು ಹೊರಗಿನವರಿಗೂ ಪರಿಚಿತವಾಗಿದೆ. ಸುತ್ತಲೂ ಎರೆಭೂಮಿ, ಬೆಳೆ ಜೋಳ ಮತ್ತು ತೊಗರಿ. ಇಂತಹ ಊರಿನ ಒಕ್ಕಲುಮನೆಗೆ ಕಾರಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ಓದಬೇಕೆಂದು ನಮ್ಮ ಕೋರಿಕೆ.

೨. ಭೀಮಾತೀರದ ಸಂಚಾರವ್ಯವಸ್ಥೆ

ಮುಂಬಯಿ ಮತ್ತು ಮದರಾಸುಗಳನ್ನು ಕೂಡಿಸುವ ರೈಲುಮಾರ್ಗವು ೧೮೭೧ರಲ್ಲಿ ರಾಯಚೂರಿನಲ್ಲಿ ಸೇರಿತು. ಕಲಬುರಗಿ ಆ ಮಾರ್ಗದ ಮೇಲಿತ್ತು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕು ಪಟ್ಟಣಗಳು ಆ ಹಳಿಯಿಂದ ದೂರವೇ ಉಳಿದವು. ಅಲ್ಲಿಯ ಸಂತೆ, ಜಾತ್ರೆ, ಕೋರ್ಟುಕಚೇರಿ, ಆಸ್ಪತ್ರೆಗಳ ಓಡಾಟವೆಲ್ಲ ರಸ್ತೆಯನ್ನೇ ನೆಚ್ಚಬೇಕಾಯಿತು. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಗಾಣಗಾಪುರಕ್ಕೂ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಬರುವ ಯಾತ್ರಿಕರು ಕೊನೆಯ ಹಾದಿಯನ್ನು ಎತ್ತಿನ ಬಂಡಿಯಲ್ಲಿ ಅಥವಾ ಕಾಲ್ನಡಿಗೆಯಲ್ಲಿ ಸವೆಸುತ್ತಿದ್ದ ಕಾಲವೊಂದಿತ್ತು.

ಈ ಪ್ರದೇಶ ಅಂದು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ನಿಜಾಮನ ಸರ್ಕಾರವು ೧೯೩೨ರ ಜೂನ್ ತಿಂಗಳಿನಲ್ಲಿ ತನ್ನ ರೈಲ್ವೆಯ ಅಂಗವಾಗಿ ರಸ್ತೆಸಾರಿಗೆ ಇಲಾಖೆಯೊಂದನ್ನು ೨೭ ಬಸ್ಸುಗಳಿಂದ ಆರಂಭಿಸಿತು. ಬಸ್ಸಿನ ವ್ಯವಸ್ಥೆ ಸರ್ಕಾರದ ಕೈಯಲ್ಲಿರಬೇಕು ಎಂಬ ತತ್ತ್ವ ಇಲ್ಲಿ ಬಹು ಮುಂಚಿತವಾಗಿಯೇ ಬೇರೂರಿತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಆಡಳಿತ ಬದಲಾದರೂ ಹಳ್ಳಿಗನ ವಾಹನ ಬಸ್ಸೇ ಆಗಿ ಉಳಿಯಿತು. ಸ್ವಂತ ಕಾರು ಎಂಬುದು ಅಧಿಕಾರಿಯ, ದೊಡ್ಡ ಜಮೀನುದಾರನ ಅಥವಾ ಅಡತಿ ವ್ಯಾಪಾರಿಯ ಲಕ್ಷಣವಾಗಿತ್ತು.

ಎರೆಮಣ್ಣಿನ ಗುಣವನ್ನು ಇಲ್ಲಿ ನೆನೆಯಬೇಕು. ಬೇಸಗೆಯಲ್ಲಿ ಬಿರಿದು ಗಟ್ಟಿಯಾಗುವ ಈ ನೆಲ ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ. ಗಾಲಿಗೆ ಮೆತ್ತಿದ ಮಣ್ಣು ಬಿಡದು. ಇದರ ಮೇಲೆ ಹಾಕಿದ ಡಾಂಬರು ರಸ್ತೆಯೂ ಮಣ್ಣಿನ ಉಬ್ಬರವಿಳಿತಕ್ಕೆ ಸಿಕ್ಕಿ ಅಲೆಯಲೆಯಾಗುತ್ತದೆ. ಇಂತಹ ನಾಡಿನಲ್ಲಿ ಗಾಡಿಯ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ, ಕಮಾನುಪಟ್ಟಿ ಎಷ್ಟು ಭಾರ ತಾಳುತ್ತದೆ, ಕೆಟ್ಟರೆ ತಾಲ್ಲೂಕು ಪಟ್ಟಣದ ಮೇಸ್ತ್ರಿಯ ಕೈಯಲ್ಲಿ ದುರಸ್ತಿಯಾಗುತ್ತದೆಯೇ ಎಂಬ ಮೂರು ಪ್ರಶ್ನೆಗಳು ಬೆಲೆಯಷ್ಟೇ ಮುಖ್ಯವಾಗುತ್ತವೆ.

೩. ಬೆಂಗಳೂರಿನಲ್ಲಿ ಹುಟ್ಟದೆ ಹೋದ ಕಾರ್ಖಾನೆ

ಭಾರತದಲ್ಲಿಯೇ ಕಾರು ತಯಾರಾಗಬೇಕು ಎಂಬ ಯೋಚನೆಗೆ ಕನ್ನಡನಾಡಿನ ಸಂಬಂಧ ಬಹಳ ಹಳೆಯದು. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೪ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷ ಯೂರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕೈಗಾರಿಕೆಯನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲಿ ಅಂತಹ ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಆ ಕಾಲದಲ್ಲಿ ಇಲ್ಲಿ ಓಡಾಡುತ್ತಿದ್ದ ಕಾರುಗಳು ವಿದೇಶದಿಂದ ಇಡಿಯಾಗಿಯೋ ಬಿಡಿಭಾಗಗಳಾಗಿಯೋ ಬರುತ್ತಿದ್ದವು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ೧೯೨೮ರಲ್ಲಿಯೇ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದಿತ್ತು.

ಉದ್ಯಮಿ ವಾಲ್‌ಚಂದ್ ಹೀರಾಚಂದ್ ಈ ಯೋಜನೆಯನ್ನು ಕೈಗೆತ್ತಿಕೊಂಡರು. ಫೋರ್ಡ್ ಸಂಸ್ಥೆಯೊಡನೆ ನಡೆಸಿದ ಮಾತುಕತೆ ಫಲಿಸಲಿಲ್ಲ. ೧೯೪೦ರಲ್ಲಿ ಕ್ರೈಸ್ಲರ್ ಸಂಸ್ಥೆಯೊಡನೆ ಒಪ್ಪಂದವಾಯಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಲು ಮೈಸೂರು ಸರ್ಕಾರ ಒಲವು ತೋರಿತು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಆದರೆ ಭಾರತ ಸರ್ಕಾರದ ಬೆಂಬಲ ದೊರೆಯಲಿಲ್ಲ. ಯುದ್ಧಪ್ರಯತ್ನಕ್ಕೆ ಈ ಕೈಗಾರಿಕೆಯಿಂದ ನೆರವಾಗದು ಎಂಬುದು ಅಂದಿನ ವಾದ. ಮೈಸೂರು ಹಿಂದೆಗೆಯಬೇಕಾಯಿತು. ವಿಪರ್ಯಾಸವೆಂದರೆ, ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದ ಸಹಯೋಗದಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಕಾರು ಕಟ್ಟಲು ಸಲ್ಲದ ಊರು ವಿಮಾನ ಕಟ್ಟಲು ಸಂದಿತು. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ೧೯೪೪ರಲ್ಲಿ ಮುಂಬಯಿಯಲ್ಲಿ ಜನಿಸಿತು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಕುಟುಂಬದ ಹಿಂದುಸ್ತಾನ್ ಮೋಟಾರ್ಸ್ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿತ್ತು. ೧೯೪೮ರಲ್ಲಿ ಅದು ಬಂಗಾಳದ ಉತ್ತರಪಾರಾಕ್ಕೆ ಸ್ಥಳಾಂತರಗೊಂಡಿತು.

ಈ ಪ್ರಸಂಗದಲ್ಲಿ ಪ್ರಯೋಗಿಸಿದ ಅಳತೆಗೋಲುಗಳು ಎರಡು. ವಿಶ್ವೇಶ್ವರಯ್ಯನವರ ಅಳತೆಗೋಲು ದೇಶದ ಉತ್ಪಾದನಾಶಕ್ತಿ. ಭಾರತ ಸರ್ಕಾರದ ಅಳತೆಗೋಲು ಸಾಮ್ರಾಜ್ಯದ ಯುದ್ಧ. ಕಾರನ್ನು ಕೊಳ್ಳುವ ಗೃಹಸ್ಥನ ಹೆಸರು ಎರಡರಲ್ಲಿಯೂ ಮುಂದೆ ಬರುವುದಿಲ್ಲ. ಆದರೂ ಒಂದು ಭೇದವನ್ನು ಗುರುತಿಸಬೇಕು. ಉತ್ಪಾದನೆ ದೊಡ್ಡ ಪ್ರಮಾಣದಲ್ಲಿ ನಡೆದರೆ ಬೆಲೆ ತಾನಾಗಿ ಇಳಿಯುತ್ತದೆಂಬ ಅಮೆರಿಕದ ಅನುಭವವನ್ನು ಮೊದಲನೆಯ ಅಳತೆಗೋಲು ಒಳಗೊಂಡಿತ್ತು. ಎರಡನೆಯದರಲ್ಲಿ ಬೆಲೆಯ ಪ್ರಶ್ನೆಯೇ ಇರಲಿಲ್ಲ.

೪. ಅಂಬಾಸಿಡರ್, ಫಿಯಟ್ ಮತ್ತು ನ್ಯಾಯಬೆಲೆ

ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ೧೯೪೯ರಲ್ಲಿ ಇಡಿಯಾದ ಗಾಡಿಗಳ ಆಮದನ್ನು ನಿಲ್ಲಿಸಿತು. ೧೯೫೩ರಲ್ಲಿ ಸುಂಕ ಆಯೋಗದ ವರದಿಯನ್ನು ಅನುಸರಿಸಿ, ತಯಾರಿಕೆಯ ಕಾರ್ಯಕ್ರಮವಿಲ್ಲದೆ ಬರಿಯ ಜೋಡಣೆಯನ್ನೇ ಮಾಡುವ ಸಂಸ್ಥೆಗಳಿಗೆ ಅವಕಾಶವಿಲ್ಲವೆಂದು ನಿರ್ಧರಿಸಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಹಿಂದಿರುಗಿದವು. ಮಾರುಕಟ್ಟೆಯಲ್ಲಿ ಉಳಿದ ಕುಟುಂಬದ ಕಾರುಗಳು ಮುಖ್ಯವಾಗಿ ಮೂರು: ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅನುಸರಿಸಿ ೧೯೫೭ರಲ್ಲಿ ಆರಂಭವಾದ ಹಿಂದುಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಸಂಸ್ಥೆಯ ಫಿಯಟ್ ೧೧೦೦, ಮದರಾಸಿನ ಸ್ಟಾಂಡರ್ಡ್ ಸಂಸ್ಥೆ ೧೯೬೧ರಿಂದ ತಯಾರಿಸಿದ ಹೆರಾಲ್ಡ್.

ಮೊದಲೆರಡನ್ನು ಹೋಲಿಸಿ ನೋಡುವುದು ಪ್ರಯೋಜನಕರ. ಅಂಬಾಸಿಡರಿನ ಎಂಜಿನು ೧೪೮೯ ಘನ ಸೆಂಟಿಮೀಟರಿನದು; ಉದ್ದ ಸುಮಾರು ೪.೩ ಮೀಟರು. ಮುಂದುಗಡೆ ಬೆಂಚಿನಂತಹ ಒಂದೇ ಆಸನ, ಹಿಂದುಗಡೆ ವಿಶಾಲವಾದ ಮತ್ತೊಂದು. ಹಿಂದಿನ ಗಾಲಿಗಳ ಮೇಲೆ ಎಲೆಕಮಾನುಗಳು. ಐವರು ಎಂದು ಕಾಗದದಲ್ಲಿ ಬರೆದಿದ್ದರೂ ಏಳೆಂಟು ಜನರನ್ನು ಅದು ಹೊತ್ತದ್ದುಂಟು. ಫಿಯಟ್‌ನ ಎಂಜಿನು ೧೦೮೯ ಘನ ಸೆಂಟಿಮೀಟರಿನದು. ಉದ್ದ ನಾಲ್ಕು ಮೀಟರಿಗೆ ಕೊಂಚ ಕಡಿಮೆ. ಅದು ಹಗುರ, ಇಂಧನದಲ್ಲಿ ಮಿತವ್ಯಯಿ, ಸ್ವತಃ ಓಡಿಸುವವನಿಗೆ ಹಿತ. ಒಟ್ಟಿನಲ್ಲಿ ನಗರದ ವೈದ್ಯನೂ ವಕೀಲನೂ ಫಿಯಟ್ಟನ್ನು ಮೆಚ್ಚಿದರೆ, ಸರ್ಕಾರದ ಕಚೇರಿಯೂ ಬಾಡಿಗೆ ಗಾಡಿಯವನೂ ಹಳ್ಳಿಯ ದೊಡ್ಡ ಮನೆಯೂ ಅಂಬಾಸಿಡರನ್ನು ಆರಿಸಿಕೊಂಡವು. ಭೀಮಾತೀರದ ದೃಷ್ಟಿಯಿಂದ ಈ ಎರಡನೆಯ ಆಯ್ಕೆ ಅರ್ಥವಾಗತಕ್ಕದ್ದೇ. ಮದುವೆಯ ದಿಬ್ಬಣ, ಬಾಣಂತಿಯ ಪಯಣ, ತೊಗರಿಯ ಚೀಲ ಇವೆಲ್ಲಕ್ಕೂ ಒಂದೇ ಗಾಡಿ ಒದಗಬೇಕಾದ ಕಡೆ ಸ್ಥಳಾವಕಾಶ ಮತ್ತು ಸುಲಭ ದುರಸ್ತಿ ಮಿಕ್ಕ ಗುಣಗಳನ್ನು ಮೀರಿಸುತ್ತವೆ.

ಆದರೆ ಆಯ್ಕೆ ಎಂಬ ಮಾತನ್ನು ಆ ಕಾಲಕ್ಕೆ ಅನ್ವಯಿಸುವಾಗ ಎಚ್ಚರಬೇಕು. ೧೯೫೯ರ ಮೋಟಾರು ಕಾರುಗಳ ಹಂಚಿಕೆ ಮತ್ತು ಮಾರಾಟ ನಿಯಂತ್ರಣಾಜ್ಞೆಯ ಮೂಲಕ ಕಾರನ್ನು ಯಾರಿಗೆ, ಯಾವ ಸರದಿಯಲ್ಲಿ ಕೊಡಬೇಕೆಂಬುದನ್ನು ಸರ್ಕಾರ ನಿಯಂತ್ರಿಸಿತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ರೂಢಿಯಾಯಿತು. ಇದರ ಫಲವಾಗಿ ಬಳಸಿದ ಗಾಡಿ ಹೊಸ ಗಾಡಿಯ ನಿಗದಿತ ಬೆಲೆಗಿಂತ ಹೆಚ್ಚಿಗೆ ಮಾರಾಟವಾಗುವ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಬೆಲೆ ಕಾಗದದಲ್ಲಿ ಅಗ್ಗ, ಬೀದಿಯಲ್ಲಿ ತುಟ್ಟಿ.

ಇದೇ ವರ್ಷ ಎಲ್. ಕೆ. ಝಾ ಅವರ ಅಧ್ಯಕ್ಷತೆಯಲ್ಲಿ ಮೋಟಾರು ಕೈಗಾರಿಕೆಯನ್ನು ಕುರಿತ ಸಮಿತಿ ನೇಮಕವಾಯಿತು. ೧೯೬೦ರಲ್ಲಿ ಅದು ವರದಿ ಒಪ್ಪಿಸಿತು. ಕಡಮೆ ಬೆಲೆಯ ಕಾರಿನ ವಿಚಾರ ಅಲ್ಲಿಂದ ಮುಂದೆ ಸಂಸತ್ತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಚರ್ಚಿತವಾಗುತ್ತ ಬಂದಿತು. ವಿದೇಶೀ ವಿನಿಮಯದ ಕೊರತೆ ಇರುವಾಗ, ಬಸ್ಸು ಲಾರಿಗಳೇ ಸಾಲದಿರುವಾಗ, ಸ್ವಂತ ಕಾರಿಗೆ ದೇಶದ ಸಂಪತ್ತನ್ನು ವ್ಯಯಿಸಬೇಕೆ ಎಂಬ ಆಕ್ಷೇಪ ಬಲವಾಗಿತ್ತು. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣಲಾಗದು. ಸೊನ್ನದಂತಹ ಊರಿಗೆ ಅಂದು ಬೇಕಾಗಿದ್ದುದು ದಿನಕ್ಕೆ ಇನ್ನೊಂದು ಬಸ್ಸು ಎಂದು ಯಾರಾದರೂ ಹೇಳಿದರೆ ಅದು ಒಪ್ಪತಕ್ಕ ಮಾತೇ. ಆದರೆ ಇಲ್ಲಿಯೂ ಅಳತೆಗೋಲು ದೇಶದ ಖಜಾನೆಯದು.

ಕಾರುಗಳ ಗುಣಮಟ್ಟದ ಬಗ್ಗೆ ದೂರುಗಳು ಹೆಚ್ಚಿದಾಗ, ೧೯೬೦ರ ದಶಕದ ಉತ್ತರಾರ್ಧದಲ್ಲಿ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತು. ಬೆಲೆಗಳ ವಿಚಾರಣೆಗೂ ಆಯೋಗವೊಂದು ನೇಮಕವಾಯಿತು. ವಿವಾದವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಭಾರತ ಸರ್ಕಾರಗಳ ನಡುವಿನ ಈ ಮೊಕದ್ದಮೆಯ ತೀರ್ಪು ೧೯೭೧ರಲ್ಲಿ ಹೊರಬಿತ್ತು. ೧೯೫೧ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಶಾಸನದಲ್ಲಿ ಬರುವ ನ್ಯಾಯಬೆಲೆ ಎಂಬ ಪದದ ಅರ್ಥವೇನು ಎಂಬುದು ಅಲ್ಲಿಯ ತಿರುಳು. ತಯಾರಕನಿಗೆ ಹೂಡಿದ ಬಂಡವಾಳದ ಮೇಲೆ ಯುಕ್ತವಾದ ಪ್ರತಿಫಲ ದೊರೆಯದಿದ್ದರೆ ಅದು ನ್ಯಾಯಬೆಲೆಯಾಗದು ಎಂಬ ತತ್ತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಹೀಗೆ ಖಜಾನೆಯ ಅಳತೆಗೋಲಿನ ಪಕ್ಕದಲ್ಲಿ ತಯಾರಕನ ಅಳತೆಗೋಲೂ ಬಂದು ನಿಂತಿತು. ಕೊಳ್ಳುವವನು ಸರದಿಯಲ್ಲಿಯೇ ನಿಂತಿದ್ದನು.

೫. ಬೆಂಗಳೂರಿನ ಕಿರುಯತ್ನ ಮತ್ತು ಮಾರುತಿ

೧೯೭೦ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ಅಗ್ಗದ ಕಾರನ್ನು ತಯಾರಿಸುವ ಯತ್ನವೊಂದು ನಡೆಯಿತು. ಸನ್‌ರೈಸ್ ಆಟೊಮೋಟಿವ್ ಸಂಸ್ಥೆ ಬಾದಲ್ ಎಂಬ ಮೂರು ಗಾಲಿಯ ಗಾಡಿಯನ್ನು ಹೊರತಂದಿತು. ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರಾದ ಇದೇ ಸಂಸ್ಥೆ ೧೯೮೨ರಲ್ಲಿ ಡಾಲ್ಫಿನ್ ಎಂಬ ನಾಲ್ಕು ಗಾಲಿಯ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಇಂಗ್ಲೆಂಡಿನ ರಿಲಯಂಟ್ ಸಂಸ್ಥೆಯ ಮಾದರಿಯನ್ನು ಅನುಸರಿಸಿದ ಇದರ ಮೈ ಉಕ್ಕಿನದಲ್ಲ, ಗಾಜಿನ ನಾರಿನದು. ಎಂಜಿನು ೮೪೮ ಘನ ಸೆಂಟಿಮೀಟರಿನದು. ಉಕ್ಕಿನ ಹಾಳೆಯನ್ನು ಒತ್ತುವ ಭಾರೀ ಯಂತ್ರಗಳಿಲ್ಲದೆ ಕಾರು ಮಾಡಲು ಹೊರಟವರಿಗೆ ಇದೊಂದು ಜಾಣ ಉಪಾಯವೇ ಸರಿ. ಆದರೆ ಉಕ್ಕಿನ ಮೈಗೆ ಒಗ್ಗಿದ ಜನರ ನಂಬಿಕೆಯನ್ನು ಗಳಿಸುವುದು ಅದಕ್ಕೆ ಕಷ್ಟವಾಯಿತು.

ಅಷ್ಟರಲ್ಲಿಯೇ ಮಾರುತಿ ಉದ್ಯೋಗ ಸಂಸ್ಥೆ ೧೯೮೧ರಲ್ಲಿ ಸರ್ಕಾರದ ಸ್ವಾಮ್ಯದಲ್ಲಿ ಸ್ಥಾಪಿತವಾಗಿತ್ತು. ೧೯೮೨ರಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದವಾಗಿ, ೧೯೮೩ರ ಡಿಸೆಂಬರ್ ೧೪ರಂದು ೭೯೬ ಘನ ಸೆಂಟಿಮೀಟರಿನ ಎಂಜಿನುಳ್ಳ ಮಾರುತಿ ೮೦೦ ಮೊದಲ ಗ್ರಾಹಕನ ಕೈಸೇರಿತು. ಬೆಲೆ ಸುಮಾರು ೫೦ ಸಾವಿರ ರೂಪಾಯಿ. ವಿಶ್ವೇಶ್ವರಯ್ಯನವರು ನಂಬಿದ್ದ ಬೃಹತ್ ಉತ್ಪಾದನೆಯ ತತ್ತ್ವಕ್ಕೆ ಅರ್ಧಶತಮಾನದ ತರುವಾಯ ಇಲ್ಲಿ ಸಾಕ್ಷ್ಯ ದೊರೆಯಿತೆನ್ನಬಹುದು. ಆದರೆ ಇದು ಚಿಕ್ಕ ಕಾರು. ಡಿಕ್ಕಿ ಹೆಸರಿಗೆ ಮಾತ್ರ. ಮಧ್ಯಮ ಗಾತ್ರದ ಸೆಡಾನ್ ಮತ್ತೆ ಹೊಸ ರೂಪದಲ್ಲಿ ಕಾಣಿಸಿಕೊಂಡದ್ದು ೧೯೯೦ರ ಮಾರುತಿ ೧೦೦೦ ಕಾರಿನಲ್ಲಿ. ೧೯೯೩ರಲ್ಲಿ ಪ್ರಯಾಣಿಕರ ಕಾರುಗಳ ತಯಾರಿಕೆಗೆ ಪರವಾನಿಗೆಯ ಕಟ್ಟುಪಾಡು ತೆಗೆದುಹಾಕಲ್ಪಟ್ಟ ಬಳಿಕ ಎಸ್ಟೀಮ್, ಸಿಯೆಲೊ, ಹೋಂಡಾ ಸಿಟಿ, ಆಕ್ಸೆಂಟ್ ಮೊದಲಾದ ಗಾಡಿಗಳು ಒಂದರ ಹಿಂದೊಂದು ಬಂದವು. ಸರದಿಯಲ್ಲಿ ನಿಂತಿದ್ದವನು ಈಗ ಅಂಗಡಿಯಿಂದ ಅಂಗಡಿಗೆ ಹೋಗಿ ಹೋಲಿಸಿ ನೋಡತೊಡಗಿದನು. ಗಾಡಿಯನ್ನು ಪರೀಕ್ಷಿಸುವ ಬರಹಗಳೂ ಪತ್ರಿಕೆಗಳೂ ಬೆಳೆದುದು ಈ ಕಾಲದಲ್ಲಿಯೇ.

೬. ಬಿಡದಿಯ ಎಟಿಯೋಸ್

೧೯೪೦ರಲ್ಲಿ ಬೆಂಗಳೂರಿಗೆ ತಪ್ಪಿದ ಭಾಗ್ಯ ೧೯೯೭ರಲ್ಲಿ ಅದರ ನೆರೆಯ ಬಿಡದಿಗೆ ಒದಗಿತು. ಜಪಾನಿನ ಟೊಯೋಟಾ ಮತ್ತು ಭಾರತದ ಕಿರ್ಲೋಸ್ಕರ್ ಸಮೂಹಗಳು ಸೇರಿ ಅಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದವು. ೨೦೦೦ದಲ್ಲಿ ಕ್ವಾಲಿಸ್ ಹೊರಬಂದಿತು. ೨೦೧೦ರ ಡಿಸೆಂಬರಿನಲ್ಲಿ, ಅದೇ ಆವರಣದ ಎರಡನೆಯ ಕಾರ್ಖಾನೆಯಿಂದ, ಭಾರತದ ಬಳಕೆಯನ್ನೇ ಮುಖ್ಯವಾಗಿ ಗಮನಿಸಿ ರೂಪಿಸಿದ ಎಟಿಯೋಸ್ ಎಂಬ ಸೆಡಾನ್ ಬಿಡುಗಡೆಯಾಯಿತು. ಆರಂಭದ ಬೆಲೆ ೪.೯೬ ಲಕ್ಷ ರೂಪಾಯಿ. ನಮ್ಮ ವಿಷಯಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಹತ್ತಿರವಾದ ನಿದರ್ಶನವಿಲ್ಲವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಪರಾಮರ್ಶಿಸುವುದು ಉಚಿತ.

ಎಟಿಯೋಸಿನ ಪೆಟ್ರೋಲ್ ಎಂಜಿನು ೧೪೯೬ ಘನ ಸೆಂಟಿಮೀಟರಿನದು. ಉದ್ದ ೪೨೬೫ ಮಿಲಿಮೀಟರು. ಡಿಕ್ಕಿಯ ಅವಕಾಶ ಸುಮಾರು ೫೯೫ ಲೀಟರು. ಇದನ್ನು ಅಂಬಾಸಿಡರಿನ ೧೪೮೯ ಘನ ಸೆಂಟಿಮೀಟರು ಮತ್ತು ೪.೩ ಮೀಟರುಗಳೊಡನೆ ಹೋಲಿಸಿದರೆ, ಅರ್ಧಶತಮಾನದ ಅಂತರವಿದ್ದರೂ ಎರಡರ ಗಾತ್ರವೂ ಹೆಚ್ಚುಕಡಮೆ ಒಂದೇ ಎಂಬುದು ಗಮನಾರ್ಹ. ಯಂತ್ರರಚನೆ ಪೂರ್ತಿ ಬೇರೆ: ಇಲ್ಲಿ ಎಂಜಿನಿನ ಬಲ ಮುಂದಿನ ಗಾಲಿಗಳಿಗೆ ಹೋಗುತ್ತದೆ. ಹಿಂದಿನ ಆಸನದ ಕೆಳಗಣ ನೆಲ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ನಡುವೆ ಕುಳಿತವನೂ ಕಾಲು ಚಾಚಬಹುದು. ತಂದೆತಾಯಿ, ಮಕ್ಕಳು, ಅಜ್ಜಅಜ್ಜಿ ಕೂಡಿ ಹೊರಡುವ ಮನೆಗೆ ಇದು ಸಣ್ಣ ಗುಣವಲ್ಲ. ದೋಷಗಳೂ ಇದ್ದವು. ಒಳಗಿನ ಪ್ಲಾಸ್ಟಿಕ್ಕಿನ ಕೆಲಸ ಅಗ್ಗದಂತೆ ಕಾಣುತ್ತದೆ, ವೇಗಮಾಪಕ ಚಾಲಕನ ಎದುರಿಗಿರದೆ ಮಧ್ಯದಲ್ಲಿದೆ, ಎಂಜಿನಿನ ಸದ್ದು ಒಳಕ್ಕೆ ಕೇಳುತ್ತದೆ ಎಂದು ವಿಮರ್ಶಕರು ಆಕ್ಷೇಪಿಸಿದರು. ನಗರದ ಗೃಹಸ್ಥನು ಈ ಆಕ್ಷೇಪಗಳಿಗೆ ಕಿವಿಗೊಟ್ಟನು. ಬಾಡಿಗೆ ಗಾಡಿಯವನಾದರೋ ಬಾಳಿಕೆ, ಇಂಧನದ ಉಳಿತಾಯ, ಡಿಕ್ಕಿಯ ವಿಸ್ತಾರಗಳನ್ನು ಲೆಕ್ಕಹಾಕಿ ಅದನ್ನು ಕೊಂಡನು. ದಿನವೂ ದುಡಿಯುವ ಗಾಡಿಯ ಯೋಗ್ಯತೆಯನ್ನು ಅದರಿಂದಲೇ ಹೊಟ್ಟೆ ಹೊರೆಯುವವನು ಅಳೆದ ರೀತಿ, ಪತ್ರಿಕೆಯ ಪರೀಕ್ಷಕನು ಅಳೆದ ರೀತಿಗಿಂತ ಹೀಗೆ ಬೇರೆಯಾಯಿತು. ಆದರೆ ‘ಟ್ಯಾಕ್ಸಿಯ ಕಾರು’ ಎಂಬ ಹೆಸರು ಬಂದ ಮೇಲೆ ಗೃಹಸ್ಥನು ಮತ್ತಷ್ಟು ದೂರ ಸರಿದನು. ೨೦೨೦ರಲ್ಲಿ ಹೊಸ ಹೊಗೆನಿಯಮ ಜಾರಿಗೆ ಬಂದ ಸಮಯದಲ್ಲಿ ಎಟಿಯೋಸಿನ ತಯಾರಿಕೆ ನಿಂತಿತು. ಅಂಬಾಸಿಡರಿನದು ೨೦೧೪ರಲ್ಲಿಯೇ ನಿಂತಿತ್ತು.

೭. ನಾಲ್ಕು ಮೀಟರಿನ ಗೆರೆ

ಎಟಿಯೋಸಿನ ಭಾಗ್ಯವನ್ನು ನಿರ್ಣಯಿಸಿದ ಇನ್ನೊಂದು ಅಳತೆಗೋಲನ್ನು ಇಲ್ಲಿ ಹೇಳಬೇಕು. ೨೦೦೬ರ ಕೇಂದ್ರ ಮುಂಗಡಪತ್ರದಲ್ಲಿ ಚಿಕ್ಕ ಕಾರುಗಳ ಮೇಲಣ ಅಬಕಾರಿ ಸುಂಕವನ್ನು ಶೇಕಡ ೨೪ರಿಂದ ೧೬ಕ್ಕೆ ಇಳಿಸಲಾಯಿತು. ಚಿಕ್ಕ ಕಾರು ಎಂದರೆ ಉದ್ದ ೪೦೦೦ ಮಿಲಿಮೀಟರನ್ನು ಮೀರದ, ಪೆಟ್ರೋಲಿನದಾದರೆ ೧೨೦೦, ಡೀಸೆಲಿನದಾದರೆ ೧೫೦೦ ಘನ ಸೆಂಟಿಮೀಟರನ್ನು ಮೀರದ ಎಂಜಿನುಳ್ಳ ಕಾರು ಎಂದು ಲಕ್ಷಣವನ್ನು ಗೊತ್ತುಪಡಿಸಲಾಯಿತು. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗಲೂ ಈ ಗೆರೆ ಅಳಿಯಲಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಿಂದ ಚಿಕ್ಕ ಕಾರಿಗೆ ಶೇಕಡ ೧೮, ಅದಕ್ಕಿಂತ ದೊಡ್ಡದಕ್ಕೆ ಶೇಕಡ ೪೦ ಎಂದು ದರಗಳು ನಿಗದಿಯಾದವು.

ಈ ಗೆರೆಯ ಪರಿಣಾಮ ಕಾರಿನ ಶರೀರದ ಮೇಲೆಯೇ ಕಾಣುತ್ತದೆ. ೨೦೦೮ರಲ್ಲಿ ಬಂದ ಸ್ವಿಫ್ಟ್ ಡಿಜೈರ್ ಕಾರಿನ ಉದ್ದ ೪೧೬೦ ಮಿಲಿಮೀಟರು. ಡಿಕ್ಕಿ ೪೪೦ ಲೀಟರಿನದು. ೨೦೧೨ರ ಹೊಸ ಡಿಜೈರಿನ ಉದ್ದ ೩೯೯೫ ಮಿಲಿಮೀಟರು. ಡಿಕ್ಕಿ ೩೧೬ ಲೀಟರು. ತೆರಿಗೆಯ ಕತ್ತರಿ ಕಾರಿನ ಬಾಲವನ್ನು ಕತ್ತರಿಸಿತು. ಸೆಡಾನಿಗೆ ಸೆಡಾನ್ ಎಂಬ ಹೆಸರನ್ನು ತಂದುಕೊಟ್ಟ ಭಾಗವೇ ಕುಗ್ಗಿತು. ಎಟಿಯೋಸ್ ಈ ಗೆರೆಯ ಆಚೆಗೆ ಉಳಿದು, ಬೆಲೆಯಲ್ಲಿ ಅದರ ಫಲವನ್ನು ಅನುಭವಿಸಿತು.

ಇದೇ ನಿಯಮವನ್ನು ಹಿಂದಕ್ಕೆ ಚಾಚಿ ನೋಡಿದರೆ ಸ್ವಾರಸ್ಯವಾದ ಸಂಗತಿ ಹೊಳೆಯುತ್ತದೆ. ೧೦೮೯ ಘನ ಸೆಂಟಿಮೀಟರಿನ, ನಾಲ್ಕು ಮೀಟರಿಗೆ ಕಡಮೆಯಾದ ಫಿಯಟ್ ೧೧೦೦ ಈ ಲಕ್ಷಣದ ಪ್ರಕಾರ ಚಿಕ್ಕ ಕಾರು, ರಿಯಾಯಿತಿಗೆ ಅರ್ಹ. ಅಂಬಾಸಿಡರ್ ದೊಡ್ಡ ಕಾರು, ದಂಡಕ್ಕೆ ಅರ್ಹ. ಹಳ್ಳಿಯ ಕೂಡುಕುಟುಂಬವು ಮೆಚ್ಚಿಕೊಂಡ ಗಾಡಿಯೇ ಭೋಗವಸ್ತುವಿನ ಸಾಲಿಗೆ ಸೇರುತ್ತದೆ. ಉದ್ದವನ್ನು ಅಳೆದ ಶಾಸನವು ಒಳಗೆ ಎಷ್ಟು ಜನ ಕುಳಿತಿದ್ದಾರೆಂಬುದನ್ನು ಕೇಳುವುದಿಲ್ಲ. ನಗರದ ಇಕ್ಕಟ್ಟಾದ ಬೀದಿಗೂ ಇಂಧನದ ಉಳಿತಾಯಕ್ಕೂ ಚಿಕ್ಕ ಕಾರು ಹಿತವೆಂಬುದು ದಿಟ. ಅಷ್ಟರಮಟ್ಟಿಗೆ ಈ ನಿಯಮಕ್ಕೆ ಸಮರ್ಥನೆಯಿದೆ. ಆದರೆ ಆರು ಜನರ ಸಂಸಾರ ಒಂದೇ ಗಾಡಿಯಲ್ಲಿ ಹೋಗುವುದೂ ಉಳಿತಾಯವೇ ಎಂಬ ಅಂಶ ಅದರ ಲೆಕ್ಕಕ್ಕೆ ಬರಲಿಲ್ಲ.

ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆಯೂ ಇದೆ. ಕರ್ನಾಟಕದಲ್ಲಿ ೨೦೧೦ರ ದಶಕದಲ್ಲಿ ೫ ಲಕ್ಷ ರೂಪಾಯಿಗಳವರೆಗಿನ ಕಾರಿಗೆ ಬೆಲೆಯ ಶೇಕಡ ೧೩, ೫ರಿಂದ ೧೦ ಲಕ್ಷದವರೆಗೆ ಶೇಕಡ ೧೪ ತೆರಬೇಕಾಗಿತ್ತು, ಮೇಲುತೆರಿಗೆ ಬೇರೆ. ಜಾಹೀರಾತಿನ ಬೆಲೆಗೂ ಮನೆಯ ಅಂಗಳಕ್ಕೆ ಗಾಡಿ ಬಂದು ನಿಲ್ಲುವಾಗಿನ ಬೆಲೆಗೂ ಇರುವ ಅಂತರದಲ್ಲಿ ಇದರ ಪಾಲು ದೊಡ್ಡದು.

೮. ತಡವಾಗಿ ಬಂದ ಅಳತೆ: ಪ್ರಾಣರಕ್ಷಣೆ

ಇಷ್ಟೆಲ್ಲ ಅಳತೆಗಳ ನಡುವೆ ಬಹುಕಾಲ ಕಾಣಿಸದೆ ಇದ್ದುದು ಒಳಗೆ ಕುಳಿತವರ ಪ್ರಾಣ. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಚಿಕ್ಕ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಗಾಳಿಚೀಲವಿಲ್ಲದ ಆ ಗಾಡಿಗಳಿಗೆ ವಯಸ್ಕರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ದೊರೆಯಲಿಲ್ಲ. ೨೦೧೯ರ ಜುಲೈಯಿಂದ ಚಾಲಕನ ಗಾಳಿಚೀಲ ಕಡ್ಡಾಯವಾಯಿತು. ೨೦೨೩ರ ಅಕ್ಟೋಬರಿನಿಂದ ಭಾರತದ್ದೇ ಆದ ಪರೀಕ್ಷಾಕ್ರಮ ಜಾರಿಗೆ ಬಂದಿತು. ೨೦೨೪ರಲ್ಲಿ ಹೊಸ ಡಿಜೈರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರಗಳನ್ನು ಪಡೆಯಿತು. ಮಿತವಾದ ಬೆಲೆಗೂ ರಕ್ಷಣೆಗೂ ಹೊಂದಿಕೆಯಿಲ್ಲ ಎಂಬ ಹಳೆಯ ವಾದ ನಿಲ್ಲತಕ್ಕದ್ದಲ್ಲವೆಂದು ಇದರಿಂದ ಸಿದ್ಧವಾಗುತ್ತದೆ. ಹೊರಗಿನ ಪರೀಕ್ಷಕನೊಬ್ಬನು ಬಂದು ಅಳೆಯುವವರೆಗೆ ಈ ಗುಣ ಬೆಲೆಯೊಳಗೆ ಸೇರಲಿಲ್ಲ ಎಂಬುದು ಇತಿಹಾಸಕಾರನು ಮರೆಯಬಾರದ ಮಾತು.

೯. ಉಪಸಂಹಾರ

ಈಗ ಸೊನ್ನಕ್ಕೆ ಹಿಂದಿರುಗೋಣ. ೨೦೨೦ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಂದ ನೀರು ಸೊನ್ನ ಬ್ಯಾರೇಜನ್ನು ಹಾದು ಹರಿದಾಗ ಭೀಮಾತೀರದ ಅನೇಕ ಗ್ರಾಮಗಳು ಜಲಾವೃತವಾದವು; ಸೇತುವೆಗಳೂ ರಸ್ತೆಗಳೂ ಮುಳುಗಿದವು. 

ಅಂತಹ ದಿನಗಳಲ್ಲಿ ಯಾವ ಕಾರೂ ಪ್ರಯೋಜನಕ್ಕೆ ಬಾರದು. ಮಿಕ್ಕ ದಿನಗಳಲ್ಲಿ ಈ ಸೀಮೆಯ ಜನ ಮದುವೆಗೂ ಜಾತ್ರೆಗೂ ಬಾಡಿಗೆಯ ಕ್ರೂಸರ್ ಗಾಡಿಯನ್ನು ಹಿಡಿಯುತ್ತಾರೆ, ಇಲ್ಲವೆ ಬಸ್ಸನ್ನು ಕಾಯುತ್ತಾರೆ. ಇದು ಬಡತನದ ಗುರುತು ಮಾತ್ರವೆಂದು ತಿಳಿಯಬಾರದು. ಇದರಲ್ಲಿ ಒಂದು ಮೌಲ್ಯಮಾಪನವೂ ಅಡಗಿದೆ. ವರ್ಷದಲ್ಲಿ ಕೆಲವೇ ದಿನ ಬೇಕಾಗುವ ವಿಶಾಲವಾದ ಗಾಡಿಗೆ ವರ್ಷವೆಲ್ಲ ಸಾಲದ ಕಂತು ಕಟ್ಟುವುದಕ್ಕಿಂತ, ಬೇಕಾದ ದಿನ ಹಂಚಿಕೊಂಡು ಬಾಡಿಗೆ ಕೊಡುವುದು ಲೇಸೆಂಬ ಲೆಕ್ಕ ಅದು. ತೊಗರಿಯ ದರ ಒಂದು ವರ್ಷ ಏರಿ ಇನ್ನೊಂದು ವರ್ಷ ಇಳಿಯುವ ನಾಡಿನಲ್ಲಿ, ತಿಂಗಳ ಸಂಬಳವನ್ನು ಆಧಾರವಾಗಿಟ್ಟುಕೊಂಡು ಕೈಗೆಟುಕುವ ಬೆಲೆಯನ್ನು ನಿಷ್ಕರ್ಷಿಸುವ ಕ್ರಮ ಸಲ್ಲುವುದಿಲ್ಲ. ಇಲ್ಲಿ ಬೆಲೆಯನ್ನು ಅಳೆಯುವುದು ಸುಗ್ಗಿಯಿಂದ ಸುಗ್ಗಿಗೆ.

ಮೇಲಣ ವಿವೇಚನೆಯಿಂದ ನಾವು ಮೂರು ನಿರ್ಣಯಗಳನ್ನು ಮುಂದಿಡುತ್ತೇವೆ. ಮೊದಲನೆಯದು: ಮಧ್ಯಮ ಗಾತ್ರದ ಕುಟುಂಬದ ಕಾರನ್ನು ಭಾರತದಲ್ಲಿ ಕ್ರಮವಾಗಿ ಯುದ್ಧ, ವಿದೇಶೀ ವಿನಿಮಯ, ತಯಾರಕನ ಪ್ರತಿಫಲ, ತೆರಿಗೆಯ ಗೆರೆ ಎಂಬ ನಾಲ್ಕು ಅಳತೆಗೋಲುಗಳಿಂದ ಅಳೆಯಲಾಯಿತು, ಇವುಗಳಲ್ಲಿ ಒಂದೂ ಕುಟುಂಬದ ಅಳತೆಗೋಲಲ್ಲ. ಎರಡನೆಯದು: ಅಂಬಾಸಿಡರಿನಿಂದ ಎಟಿಯೋಸಿನವರೆಗೆ ಒಂದೇ ಬಗೆಯ ಗಾತ್ರ ಮತ್ತೆ ಮತ್ತೆ ಕಾಣಿಸಿಕೊಂಡಿರುವುದು ಆಕಸ್ಮಿಕವಲ್ಲ. ಮೂರು ತಲೆಮಾರು ಕೂಡಿ ಹೊರಡುವ ಸಂಸಾರದ ಬೇಡಿಕೆ ಆ ಗಾತ್ರವನ್ನು ಉಳಿಸಿಕೊಂಡು ಬಂದಿದೆ. ಮೂರನೆಯದು: ಗಾಡಿಯನ್ನು ದಿನವೂ ದುಡಿಸುವ ಬಾಡಿಗೆದಾರನ ಮತ್ತು ಮೇಸ್ತ್ರಿಯ ತೀರ್ಮಾನ, ಪರೀಕ್ಷಕನ ತೀರ್ಮಾನಕ್ಕಿಂತ ಹಲವು ವೇಳೆ ಹೆಚ್ಚು ಬಾಳಿದೆ.

೨೦೨೩–೨೪ರ ವೇಳೆಗೆ ದೇಶದಲ್ಲಿ ಮಾರಾಟವಾದ ಪ್ರಯಾಣಿಕರ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ಎತ್ತರದ ಮೈಕಟ್ಟಿನ ಬಹೂಪಯೋಗಿ ಗಾಡಿಗಳಾಗಿದ್ದವು. ಸೆಡಾನ್ ಹಿಂದೆ ಸರಿಯುತ್ತಿದೆ. ನೆಲದಿಂದ ಎತ್ತರದಲ್ಲಿರುವ ಗಾಡಿ ಎರೆಭೂಮಿಯವನಿಗೆ ಒಗ್ಗುವುದು ಸಹಜ. ಆದರೆ ಅವುಗಳಲ್ಲಿಯೂ ಬಹಳಷ್ಟು ನಾಲ್ಕು ಮೀಟರಿನ ಗೆರೆಯೊಳಗೇ ಅಡಗಿವೆ. ಗಾಡಿಯ ಆಕಾರ ಬದಲಾಗಿದೆ, ಅಳತೆಗೋಲು ಬದಲಾಗಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಹಳೆಯ ಅಂಬಾಸಿಡರುಗಳ ಚಾಲಕರು, ತಾಲ್ಲೂಕು ಪಟ್ಟಣಗಳ ಮೇಸ್ತ್ರಿಗಳು, ಕಾರು ಕೊಂಡ ಮತ್ತು ಕೊಳ್ಳದ ಮನೆಯ ಹಿರಿಯರು ಇವರ ಮಾತುಗಳನ್ನು ಬರೆದಿಟ್ಟುಕೊಳ್ಳುವುದಾದರೆ, ಸಮಿತಿಗಳ ವರದಿಯಲ್ಲಿ ಸಿಕ್ಕದ ಆ ಐದನೆಯ ಅಳತೆಗೋಲು ಅಲ್ಲಿ ಸಿಕ್ಕೀತು. ಆ ಕೆಲಸ ತಲೆಮಾರು ಕಳೆಯುವ ಮುನ್ನ ಆಗಬೇಕಾದದ್ದು.